ಅನುಭವದಿಂದ ಅನುಭಾವದೆಡೆಗೆ: ಶಿವಯೋಗಿ ಸಿದ್ಧರಾಮರ ಎರಡು ಕಲಿಕೆಗಳು



ಶರಣರ ಪರಿಭಾಷೆಯಲ್ಲಿ ‘ಅನುಭವ’ ಮತ್ತು ‘ಅನುಭಾವ’ ಎಂಬ ಎರಡು ಪದಗಳಿವೆ. ಬರೆಯುವಾಗ ಇವೆರಡರ ನಡುವೆ ಇರುವುದು ಒಂದು ದೀರ್ಘಸ್ವರದ ಅಂತರ. ಬದುಕುವಾಗ ಅದು ಬಹುದೂರದ ಅಂತರ. ಬೆಂಕಿ ಮುಟ್ಟಿದ ಕೈ ಸುಡುತ್ತದೆ, ಬಿದ್ದವನ ಮೊಣಕಾಲು ತರಚುತ್ತದೆ, ನಂಬಿದವನು ಮೋಸಹೋದರೆ ಮನ ಕದಡುತ್ತದೆ. ಇದು ಅನುಭವ. ಇದು ಎಲ್ಲರಿಗೂ ಆಗುತ್ತದೆ, ಪಶುಪಕ್ಷಿಗಳಿಗೂ ಆಗುತ್ತದೆ. ಆದದ್ದರೊಳಗೆ ಇಳಿದು, ಅದು ಯಾರಿಗೆ ಆಯಿತು ಎಂಬುದನ್ನು ಕಂಡುಕೊಂಡು, ಕಂಡುದರಿಂದ ನಡೆಯನ್ನೇ ಬದಲಿಸಿಕೊಳ್ಳುವುದು ಅನುಭಾವ. ಕಲ್ಯಾಣದ ಅನುಭವ ಮಂಟಪದ ಹೆಸರಿನಲ್ಲಿರುವ ‘ಅನುಭವ’ವೂ ಈ ಎರಡನೆಯ ಅರ್ಥವನ್ನೇ ಹೊತ್ತದ್ದು. ಇಲ್ಲದಿದ್ದರೆ ಮಂಟಪದ ಅವಶ್ಯಕತೆಯೇ ಇರಲಿಲ್ಲ. ಬರಿಯ ಅನುಭವಕ್ಕೆ ಸಂತೆಯೇ ಸಾಕು.

ಮಕ್ಕಳು ಹೇಗೆ ಕಲಿಯುತ್ತಾರೆ, ದೊಡ್ಡವರು ಏಕೆ ಕಲಿಯುವುದನ್ನು ನಿಲ್ಲಿಸುತ್ತಾರೆ, ಎಲ್ಲವನ್ನೂ ಸಾಧಿಸಿದವನಿಗೂ ಆನಂದವೇಕೆ ದೊರೆಯುವುದಿಲ್ಲ ಎಂಬ ಪ್ರಶ್ನೆಗಳನ್ನು ಇಂದಿನ ಮನಶ್ಶಾಸ್ತ್ರಜ್ಞರು ಬಹಳವಾಗಿ ಚರ್ಚಿಸುತ್ತಿದ್ದಾರೆ. ಈ ಮೂರು ಪ್ರಶ್ನೆಗಳೂ ಒಬ್ಬರೇ ಶರಣರ ಬದುಕಿನಲ್ಲಿ ಒಂದರ ಬೆನ್ನಿಗೊಂದು ಎದುರಾದ ನಿದರ್ಶನವಿದೆ. ಅವರು ಸೊನ್ನಲಿಗೆಯ ಶಿವಯೋಗಿ ಸಿದ್ಧರಾಮೇಶ್ವರರು.

ರಾಘವಾಂಕ ಕವಿಯ ‘ಸಿದ್ಧರಾಮ ಚಾರಿತ್ರ’ವನ್ನು ಓದಿದವರಿಗೆ ಆ ಬಾಲಕನ ಪರಿಚಯವಿದೆ. ಮುದ್ದುಗೌಡ ಮತ್ತು ಸುಗ್ಗಲೆಯರ ಮಗ. ಸಿದ್ಧಪುರುಷ ರೇವಣಸಿದ್ಧರು ಮುಂಚೆಯೇ ಹೇಳಿದ್ದ ಕಾರಣ ತಾಯಿತಂದೆಯರು ಮಹಾಪುರುಷನೊಬ್ಬ ಹುಟ್ಟುವನೆಂದು ಕಾದಿದ್ದರು. ಹುಟ್ಟಿದ್ದು ನಗದ, ಅಳದ, ಮಾತನಾಡದ ಕೂಸು. ಊರವರು ಆ ಮಗುವನ್ನು ಮಂಕನೆಂದು ತಿಳಿದರು. ಅಕ್ಷರಕ್ಕೆ ಕೂರಿಸಿ ಫಲವಿಲ್ಲವೆಂದು ಕರು ಕಾಯಲು ಕಳುಹಿಸಿದರು. ಹೀಗೆ ಹೊಲದ ಬದುವಿನಲ್ಲಿ ಕುಳಿತಿದ್ದ ಹುಡುಗನ ಬಳಿಗೆ ಒಂದು ದಿನ ಜಂಗಮನೊಬ್ಬ ಬಂದು, ತಾನು ಶ್ರೀಶೈಲದ ಮಲ್ಲಯ್ಯನೆಂದು ಹೇಳಿ, ಎಳೆಯ ತೆನೆಯನ್ನು ಬೇಡಿದ. ಹುಡುಗ ಕೊಟ್ಟ. ತಿಂದ ಜಂಗಮ ಹೊಟ್ಟೆಯ ಉರಿಗೆ ಮನೆಯಿಂದ ತಂಪಾದುದನ್ನು ತಾ ಎಂದ. ಮಾತೇ ಆಡದ ಮಗ ಓಡೋಡಿ ಬಂದು ತಾಯಿಯನ್ನು ಬಾಯಿಬಿಟ್ಟು ಬೇಡಿದಾಗ ಆ ತಾಯಿಗೆ ಆದ ಸೋಜಿಗವೆಷ್ಟಿರಬೇಕು! ಕೊಟ್ಟದ್ದನ್ನು ಹಿಡಿದು ಹುಡುಗ ಹೊಲಕ್ಕೆ ಹಿಂದಿರುಗಿದರೆ ಅಲ್ಲಿ ಮಲ್ಲಯ್ಯನಿಲ್ಲ.

ಇಲ್ಲಿಂದ ಮುಂದಿನ ಕಥೆ ಭಕ್ತರಿಗೆ ಬಾಯಿಪಾಠ. ಮಲ್ಲಯ್ಯನ ಹೆಸರು ಹಿಡಿದು ಕೂಗುತ್ತ ಅಲೆದದ್ದು, ಯಾತ್ರಿಕರ ಜೊತೆ ಸೇರಿ ಶ್ರೀಶೈಲಕ್ಕೆ ನಡೆದದ್ದು, ಅಲ್ಲಿ ಗರ್ಭಗುಡಿಯ ಲಿಂಗವನ್ನು ತೋರಿಸಿ ಇವನೇ ಮಲ್ಲಯ್ಯ ಎಂದಾಗ ತಾನು ಕಂಡ ಮಲ್ಲಯ್ಯ ಇವನಲ್ಲವೆಂದು ಒಪ್ಪದೆ ಹೋದದ್ದು, ಕಡೆಗೆ ಕಮರಿಯ ಅಂಚಿನಿಂದ ಧುಮುಕಲು ಹೋದವನನ್ನು ಮಲ್ಲಿಕಾರ್ಜುನನೇ ಕೈಹಿಡಿದು ಎತ್ತಿಕೊಂಡದ್ದು. ಈ ಕಥೆಯನ್ನು ಪವಾಡವೆಂದು ಕೇಳಿ ಕೈಮುಗಿಯುವವರೇ ಹೆಚ್ಚು. ಅದು ತಪ್ಪೇನೂ ಅಲ್ಲ. ಆದರೆ ಪವಾಡಕ್ಕೆ ಮೊದಲು ಇನ್ನೊಂದು ಘಟಿಸಿದೆ. ಅದರ ಕಡೆಗೆ ಕಣ್ಣು ಹರಿಯುವುದು ಕಡಿಮೆ. ಬೋಧನೆಯಿಂದ ಬಾಯಿ ಬಿಡದ ಮಗು ಬೇಡಿಕೆಯಿಂದ ಬಾಯಿ ಬಿಟ್ಟಿತು. ಯಾರೂ ಏನನ್ನೂ ಕೇಳದಿದ್ದ, ಯಾರೂ ಏನನ್ನೂ ನಿರೀಕ್ಷಿಸದಿದ್ದ ಬಾಲಕನನ್ನು ಒಬ್ಬಾತ ಸಮಾನನೆಂದು ಕಂಡು, ಅವನಲ್ಲಿರುವುದನ್ನೇ ಕೇಳಿ, ಕೊಟ್ಟದ್ದನ್ನು ಅವನೆದುರೇ ಉಂಡ. ಆ ಮಗುವಿನ ಬಾಳಿನಲ್ಲಿ ಅದೇ ಮೊದಲ ಗುರುಕರುಣೆ. ಶ್ರೀಶೈಲದ್ದು ಎರಡನೆಯದು.

ಲಿಂಗವನ್ನು ತೋರಿಸಿದಾಗ ಇವನಲ್ಲವೆಂದ ಮಾತೂ ಸಾಮಾನ್ಯವಲ್ಲ. ಮಗು ತಾನು ಕಂಡದ್ದನ್ನು ಬಿಟ್ಟುಕೊಡಲಿಲ್ಲ. ದೊಡ್ಡವರೆಲ್ಲ ಸೇರಿ ಹೇಳಿದ ಉತ್ತರ ತನ್ನ ಅನುಭವಕ್ಕೆ ಹೊಂದದಿದ್ದಾಗ ಉತ್ತರವನ್ನು ನಿರಾಕರಿಸಿತು, ಅನುಭವವನ್ನಲ್ಲ. ಎಷ್ಟು ಮಕ್ಕಳಿಗೆ ಇಂದು ಈ ಅವಕಾಶವಿದೆ? ಎಸ್‌.ಎಸ್‌.ಎಲ್‌.ಸಿ. ಫಲಿತಾಂಶದ ದಿನಗಳಲ್ಲಿ ಮಠಗಳ ಹಜಾರದಲ್ಲಿ ಕುಳಿತರೆ ತಿಳಿಯುತ್ತದೆ. ತಂದೆ ಅಂಕಪಟ್ಟಿಯನ್ನು ಪೂಜ್ಯರ ಮುಂದೆ ಹಿಡಿದು ಮಾತನಾಡುತ್ತಿರುತ್ತಾನೆ, ತಾಯಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುತ್ತಾಳೆ, ಮಗ ಕಂಬದ ಮರೆಯಲ್ಲಿ ನೆಲ ನೋಡುತ್ತ ನಿಂತಿರುತ್ತಾನೆ. ಮೂವರಲ್ಲಿ ಯಾರನ್ನು ಪೂಜ್ಯರು ಮಾತನಾಡಿಸಬೇಕೋ ಅವನ ಸರದಿ ಕೊನೆಗೆ. ಅಂದಿನ ಸೊನ್ನಲಿಗೆಯಲ್ಲಿ ಅಂಕಪಟ್ಟಿ ಇರಲಿಲ್ಲವಾದರೂ ‘ಮಂಕ’ ಎಂಬ ಹಣೆಪಟ್ಟಿ ಇತ್ತು. ಸುಗ್ಗಲೆಯ ಪುಣ್ಯವೆಂದರೆ, ಮಗ ಅನ್ನ ಬೇಡಿ ಬಂದಾಗ ಯಾರಿಗೆ, ಏಕೆ ಎಂದು ಜಾಲಾಡದೆ ಆಕೆ ಕೊಟ್ಟು ಕಳುಹಿಸಿದಳು.

ಇದು ಮೊದಲ ಕಲಿಕೆ. ಇದರಲ್ಲಿ ಮಗುವಿಗೆ ದೊರೆತದ್ದು ಕಳೆದುಕೊಳ್ಳುವ ಮೂಲಕ. ಮಲ್ಲಯ್ಯ ಹೊಲದಲ್ಲಿಯೇ ಕಾದಿದ್ದರೆ ಹುಡುಗ ಅನ್ನವಿಕ್ಕಿ, ಸಂತೋಷಪಟ್ಟು, ಸಂಜೆಗೆ ಕರುಗಳನ್ನು ಹೊಡೆದುಕೊಂಡು ಮನೆಗೆ ಬರುತ್ತಿದ್ದ. ಸಂತೋಷ ಅಲ್ಲಿಗೆ ಮುಗಿಯುತ್ತಿತ್ತು. ಮಕ್ಕಳ ದುಃಖವನ್ನು ತಕ್ಷಣವೇ ತಿನಿಸಿನಿಂದ, ಆಟಿಕೆಯಿಂದ, ಈಗ ಮೊಬೈಲಿನಿಂದ ಮುಚ್ಚಿಬಿಡುವ ತಾಯಿತಂದೆಯರು ಇದನ್ನು ಒಂದಿಷ್ಟು ಯೋಚಿಸಬೇಕು. ಕಮರಿಯ ಅಂಚಿನವರೆಗೂ ಮಗುವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಅಲ್ಲಿ ಕೈಹಿಡಿಯುವವನು ಇರಲೇಬೇಕು. ಆದರೆ ಹೊಲದಿಂದ ಶ್ರೀಶೈಲದವರೆಗಿನ ಹಾದಿಯನ್ನು ಮಗುವಿನ ಪರವಾಗಿ ಇನ್ನೊಬ್ಬರು ನಡೆಯಲಾಗದು.

ಎರಡನೆಯ ಕಲಿಕೆಗೆ ಬರುವಷ್ಟರಲ್ಲಿ ಆ ಬಾಲಕ ಬೆಳೆದು ದೊಡ್ಡ ಯೋಗಿಯಾಗಿದ್ದಾನೆ. ಮಲ್ಲಿಕಾರ್ಜುನನ ಅಪ್ಪಣೆಯಂತೆ ಸೊನ್ನಲಿಗೆಯನ್ನು ಎರಡನೆಯ ಶ್ರೀಶೈಲವನ್ನಾಗಿ ಕಟ್ಟಿದ್ದಾನೆ. ದೇವಾಲಯ ಎದ್ದಿದೆ. ಊರ ಸುತ್ತ ಅರವತ್ತೆಂಟು ಲಿಂಗಗಳ ಪ್ರತಿಷ್ಠೆಯಾಗಿದೆ ಎನ್ನುತ್ತದೆ ಪರಂಪರೆ. ಬರದ ಸೀಮೆಯಲ್ಲಿ ವಿಶಾಲವಾದ ಕೆರೆ ತೋಡಿಸಲಾಗುತ್ತಿದೆ. ಸಾವಿರಾರು ಜನ ಮಣ್ಣು ಹೊರುತ್ತಿದ್ದಾರೆ. ಹಸಿದವರಿಗೆ ಅನ್ನವಿದೆ, ದನಕರುಗಳಿಗೆ ನೀರಿದೆ. ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಆ ಕೆರೆ ಇಂದಿಗೂ ಇದೆ, ನೀರಿನ ನಡುವೆ ಸಿದ್ಧೇಶ್ವರ ದೇವಾಲಯವೂ ಇದೆ. ಪ್ರತಿವರ್ಷ ಮಕರ ಸಂಕ್ರಾಂತಿಯ ವೇಳೆಗೆ ನಡೆಯುವ ಜಾತ್ರೆಯಲ್ಲಿ ಎತ್ತರದ ನಂದಿಧ್ವಜಗಳನ್ನು ಹೊತ್ತು ಭಕ್ತರು ಆ ಅರವತ್ತೆಂಟು ಲಿಂಗಗಳನ್ನು ಸುತ್ತಿ ಬರುವುದನ್ನು ಕಂಡವರು ಅದನ್ನು ಮರೆಯಲಾರರು. ಕನ್ನಡ, ಮರಾಠಿ ಎಂಬ ಭೇದ ಆ ಹಾದಿಯಲ್ಲಿ ಕಾಣುವುದಿಲ್ಲ.

ಮಾನವ ಬದುಕಿನಲ್ಲಿ ಇದಕ್ಕಿಂತ ಹೆಚ್ಚಿನ ಸಾಧನೆ ಏನಿದ್ದೀತು? ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೊ 1943ರಲ್ಲಿ ಬರೆದ ಲೇಖನವೊಂದರಲ್ಲಿ ಮನುಷ್ಯನ ಅಗತ್ಯಗಳನ್ನು ಒಂದು ಕ್ರಮದಲ್ಲಿ ಇರಿಸಿದ: ಮೊದಲು ಹಸಿವು ನೀರಡಿಕೆ, ಆಮೇಲೆ ಭದ್ರತೆ, ಪ್ರೀತಿ, ಮನ್ನಣೆ, ಎಲ್ಲಕ್ಕೂ ಮೇಲೆ ಆತ್ಮಸಾಕ್ಷಾತ್ಕಾರ, ಎಂದರೆ ತನ್ನೊಳಗಿನ ಸಾಮರ್ಥ್ಯವೆಲ್ಲ ಅರಳಿ ತಾನು ಏನಾಗಬಲ್ಲೆನೋ ಅದಾಗುವುದು. ಬಿ.ಎಡ್‌. ಓದಿದ ಶಿಕ್ಷಕರಿಗೆಲ್ಲ ಈ ಮಾತು ಒಂದು ತ್ರಿಕೋನದ ಚಿತ್ರವಾಗಿ ನೆನಪಿರುತ್ತದೆ. ಆ ಚಿತ್ರವನ್ನು ಬಿಡಿಸಿದವನು ಮಾಸ್ಲೊ ಅಲ್ಲ, ಅನಂತರದವರು. ಸಿದ್ಧರಾಮರ ಬದುಕನ್ನು ಈ ಮೆಟ್ಟಿಲುಗಳ ಮೇಲೆ ಇಟ್ಟು ನೋಡಿದರೆ ಕ್ರಮವೇ ತಲೆಕೆಳಗಾಗುತ್ತದೆ. ಮನ್ನಣೆಯೇ ಇಲ್ಲದ ಕರು ಕಾಯುವ ಹುಡುಗನಿಗೆ ಶಿಖರದ ದರ್ಶನವಾಯಿತು. ಮನ್ನಣೆಯ ತುದಿಗೇರಿದ ಯೋಗಿಗೆ ಇನ್ನೂ ಒಂದು ಮೆಟ್ಟಿಲು ಉಳಿದಿತ್ತು. ಮಾಸ್ಲೊ ಕೂಡ 1970ರಲ್ಲಿ ತೀರಿಕೊಳ್ಳುವ ಮುಂಚಿನ ಬರಹಗಳಲ್ಲಿ ತನ್ನನ್ನೇ ಮೀರುವ ಸ್ಥಿತಿಯೊಂದರ ಬಗ್ಗೆ ಚಿಂತಿಸಿದ್ದನೆಂಬುದು ಗಮನಾರ್ಹ. ತಾನು ಅರಳುವುದು ಒಂದು, ತಾನು ಕರಗುವುದು ಇನ್ನೊಂದು. ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಬಂದದ್ದು ಈ ಎರಡನೆಯದರ ಕಾರಣಕ್ಕೆ.

ಆ ಸಂದರ್ಭವನ್ನು ವಿಸ್ತಾರವಾಗಿ ಹೇಳುವುದು ಶೂನ್ಯಸಂಪಾದನೆ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಮೊದಲು ಸಂಕಲಿಸಿದ ಈ ಗ್ರಂಥವನ್ನು ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣಾರ್ಯರು ಪರಿಷ್ಕರಿಸಿ ಬೆಳೆಸಿದರು. ಪ್ರಭುದೇವರು ಕೆರೆಯ ಬಳಿಗೆ ಬಂದು, ಮಣ್ಣು ಹೊರುತ್ತಿದ್ದವರನ್ನು ಸಿದ್ಧರಾಮನೆಂಬ ಒಡ್ಡನೆಲ್ಲಿ ಎಂದು ವಿಚಾರಿಸಿದರು. ತಮ್ಮ ಗುರುವನ್ನು ಹೀಗೆ ಕರೆದುದಕ್ಕೆ ಜನ ಕೆರಳಿ ಕಲ್ಲು ತೂರಿದರು. ಸುದ್ದಿ ತಿಳಿದು ಸಿದ್ಧರಾಮರೇ ಬಂದರು, ಕೋಪದಿಂದ ಬಂದರು. ಹಣೆಗಣ್ಣು ತೆರೆಯಿತು, ಉರಿ ಎದ್ದಿತು. ಆ ಉರಿ ಪ್ರಭುದೇವರ ಪಾದದಲ್ಲಿ ಅಡಗಿಹೋಯಿತು.

ಹಣೆಗಣ್ಣಿನ ಉರಿಯನ್ನು ಕುರಿತು ವ್ಯಾಖ್ಯಾನಗಳು ಹಲವು. ಸರಳವಾಗಿ ಹೇಳುವುದಾದರೆ, ಅದು ನೊಂದ ಅಭಿಮಾನ. ಕೆರೆ ಪರಹಿತಕ್ಕಾಗಿಯೇ ಇತ್ತು, ದೇಗುಲ ಮಲ್ಲಿಕಾರ್ಜುನನಿಗಾಗಿಯೇ ಇತ್ತು. ಆದರೂ ಒಂದು ಪದ ತಾಕಿದೊಡನೆ ಉರಿ ಎದ್ದಿತೆಂದರೆ, ಆ ಕೆರೆಯ ತಳದಲ್ಲಿ ‘ಇದು ನಾನು ಮಾಡಿದ್ದು’ ಎಂಬುದೊಂದು ಹೂತು ಕುಳಿತಿತ್ತು. ಪ್ರಭುದೇವರು ಅದನ್ನೇ ಅಗೆದು ತೆಗೆದರು. ಅವರು ಕೆರೆಯನ್ನು ಹಳಿಯಲು ಬಂದವರಲ್ಲ. ಕೆರೆ ಕಟ್ಟಿದವನು ಕೆರೆಯೊಳಗೆ ಸಿಕ್ಕಿಬಿದ್ದಿದ್ದಾನೆಂದು ತೋರಿಸಲು ಬಂದವರು. ಹೊಲದಲ್ಲಿ ಮಲ್ಲಯ್ಯ ಬೇಡಿ ಕಲಿಸಿದ. ಇಲ್ಲಿ ಪ್ರಭುದೇವರು ಕೆಣಕಿ ಕಲಿಸಿದರು. ಬಾಲಕನಿಗೆ ಬೇಡುವ ಗುರು ಸಾಕು, ಪ್ರೌಢನಿಗೆ ಕೆಣಕುವ ಗುರುವೇ ಬೇಕಾಗುತ್ತದೆ. ಏಕೆಂದರೆ ಬಾಲಕನ ಕೈ ಬರಿದಾಗಿರುತ್ತದೆ, ಪ್ರೌಢನ ಕೈ ತುಂಬಿರುತ್ತದೆ.

ಒಡ್ಡ ಎಂಬ ಪದದ ಬಗ್ಗೆಯೂ ಒಂದು ಮಾತು. ಕಲ್ಲು ಮಣ್ಣಿನ ಕಾಯಕದ ಜನರ ಹೆಸರು ಅದು, ಬೈಗುಳವಲ್ಲ. ಅದನ್ನು ಬೈಗುಳವೆಂದು ಕೇಳಿಸಿಕೊಂಡವರ ಕಿವಿಯಲ್ಲಿ ದೋಷವಿತ್ತು, ಹೇಳಿದವರ ನಾಲಗೆಯಲ್ಲಲ್ಲ. ಇಂದು ಭೋವಿ ಸಮಾಜದವರು ಸಿದ್ಧರಾಮೇಶ್ವರರನ್ನೇ ತಮ್ಮ ಕುಲಗುರುವೆಂದು ಪೂಜಿಸುತ್ತಿದ್ದಾರೆ, ಚಿತ್ರದುರ್ಗದಲ್ಲಿ ಅವರ ಗುರುಪೀಠವಿದೆ. ಯಾವ ಹೆಸರಿನಿಂದ ಕರೆದುದಕ್ಕೆ ಅಂದು ಕಲ್ಲು ತೂರಲಾಯಿತೋ ಆ ಹೆಸರಿನ ಜನ ಇಂದು ಆ ಶಿವಯೋಗಿಯನ್ನು ತಮ್ಮವರೆಂದು ಹೆಮ್ಮೆಪಡುತ್ತಾರೆ.

ದಾಸೋಹ ಮಾಡುವ ಸದ್ಭಕ್ತರಿಗೆ ಈ ಪ್ರಸಂಗ ಹತ್ತಿರದ್ದು. ಮಂಟಪಕ್ಕೆ ಕಂಬ ಕೊಟ್ಟವರು, ಪ್ರಸಾದ ನಿಲಯಕ್ಕೆ ಅಕ್ಕಿ ಕೊಟ್ಟವರು, ಶಾಲೆಗೆ ಕೊಠಡಿ ಕಟ್ಟಿಸಿದವರು ನಾಡಿನ ಎಲ್ಲ ಮಠಗಳಲ್ಲಿಯೂ ಇದ್ದಾರೆ. ಅವರಿಂದಲೇ ಬಡಮಕ್ಕಳ ಊಟ, ಓದು ನಡೆದಿದೆ. ಕಲ್ಲಿನ ಮೇಲೆ ಹೆಸರು ಕೆತ್ತಿಸುವುದರಲ್ಲಿ ಮಠಗಳಿಗೂ ಆಸಕ್ತಿ ಕಡಿಮೆಯೇನಿಲ್ಲ. ಹೆಸರು ಕಂಡು ಇನ್ನೊಬ್ಬರು ಕೊಟ್ಟಾರೆಂಬ ಲೆಕ್ಕಾಚಾರ ಅದರ ಹಿಂದಿದೆ. ಆದರೆ ಆ ಹೆಸರಿನ ಕಲ್ಲು ಜರುಗಿದಾಗ, ಆಹ್ವಾನ ಪತ್ರಿಕೆಯಲ್ಲಿ ಹೆಸರು ಒಂದು ಸಾಲು ಕೆಳಗಿಳಿದಾಗ ಏಳುವ ಸಣ್ಣ ಉರಿ ಯಾವುದು? ಅದನ್ನು ಬಲ್ಲವರು ಸಿದ್ಧರಾಮರ ಹಣೆಗಣ್ಣನ್ನು ಬಲ್ಲರು.

ಅನುಭವವೆಲ್ಲವೂ ಕಲಿಸುವುದಿಲ್ಲ. ಶಿಕ್ಷಣ ಚಿಂತಕ ಜಾನ್‌ ಡ್ಯೂಯಿ 1938ರ ತನ್ನ ಪುಟ್ಟ ಗ್ರಂಥದಲ್ಲಿ ಈ ಎಚ್ಚರವನ್ನು ಸ್ಪಷ್ಟವಾಗಿ ಕೊಟ್ಟಿದ್ದಾನೆ: ಕೆಲವು ಅನುಭವಗಳು ಮುಂದಿನ ಬೆಳವಣಿಗೆಯನ್ನು ತೆರೆಯುತ್ತವೆ, ಕೆಲವು ಮುಚ್ಚಿಬಿಡುತ್ತವೆ. ಯಶಸ್ಸು ಎಂಬುದು ಹೀಗೆ ಮುಚ್ಚುವ ಅನುಭವಗಳಲ್ಲಿ ಮೊದಲನೆಯದು. ಗೆದ್ದವನು ಗೆದ್ದ ದಾರಿಯನ್ನೇ ಮತ್ತೆ ಮತ್ತೆ ತುಳಿಯುತ್ತಾನೆ.

ಸಿದ್ಧರಾಮರ ಹಿರಿಮೆ ಇರುವುದು ಮುಂದಿನ ನಡೆಯಲ್ಲಿ. ಅವರು ಪ್ರಭುದೇವರ ಜೊತೆ ಕಲ್ಯಾಣಕ್ಕೆ ಹೊರಟರು. ಅಲ್ಲಿ ಅವರಿಗೆ ಇಷ್ಟಲಿಂಗ ದೀಕ್ಷೆಯ ಪ್ರಶ್ನೆ ಬಂತು. ಯೋಗದಲ್ಲಿ ಅಷ್ಟು ಎತ್ತರಕ್ಕೇರಿದವರಿಗೆ ಕರಸ್ಥಲದ ಕುರುಹು ಬೇಕೆ, ಬೇಡವೆ ಎಂಬ ಚರ್ಚೆಯೇ ನಡೆಯಿತು. ಕಡೆಗೆ ದೀಕ್ಷೆಯಾಯಿತು, ಕೊಟ್ಟವರು ಚೆನ್ನಬಸವಣ್ಣನವರು, ಅಕ್ಕನಾಗಮ್ಮನವರ ಮಗ, ಪ್ರಾಯದಲ್ಲಿ ಇನ್ನೂ ಎಳೆಯರು. ಒಂದು ಊರನ್ನೇ ಕಟ್ಟಿದ, ಸಾವಿರಾರು ಜನ ಕಾಲಿಗೆರಗುವ ಯೋಗಿ ತನಗಿಂತ ಕಿರಿಯನ ಮುಂದೆ ಶಿಷ್ಯನಾಗಿ ಕುಳಿತ. ಕಲಿಕೆಗೆ ವಯಸ್ಸಿಲ್ಲವೆಂಬ ಮಾತನ್ನು ಎಲ್ಲರೂ ಆಡುತ್ತಾರೆ. ಆಡುವಾಗ ಅವರ ಮನಸ್ಸಿನಲ್ಲಿರುವುದು ಮುದುಕನೂ ಕಲಿಯಬಹುದೆಂಬುದು. ಕಿರಿಯನಿಂದಲೂ ಕಲಿಯಬಹುದೆಂಬುದು ಅಷ್ಟು ಬೇಗ ಹೊಳೆಯುವುದಿಲ್ಲ. ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದ ಸಾವಿರಕ್ಕೂ ಹೆಚ್ಚು ವಚನಗಳು ದೊರೆತಿದ್ದು, ಅವುಗಳಲ್ಲಿ ಬಸವಣ್ಣ, ಚೆನ್ನಬಸವಣ್ಣ, ಪ್ರಭುದೇವರ ನೆನಹು ಮತ್ತೆ ಮತ್ತೆ ಬರುತ್ತದೆ. ಮುಂದೆ ಶೂನ್ಯಪೀಠವನ್ನೇರಿದವರ ಸಾಲಿನಲ್ಲಿ ಪ್ರಭುದೇವರು, ಚೆನ್ನಬಸವಣ್ಣನವರು, ಬಳಿಕ ಸಿದ್ಧರಾಮರು ಎಂದೇ ಪರಂಪರೆ ಎಣಿಸುತ್ತದೆ.

ಚೆನ್ನಬಸವಣ್ಣನವರನ್ನು ಷಟ್‌ಸ್ಥಲ ಚಕ್ರವರ್ತಿಯೆಂದು ಕರೆಯುತ್ತಾರೆ. ಆ ಷಟ್‌ಸ್ಥಲದ ಕ್ರಮದಲ್ಲಿಯೇ ಈ ವಿಷಯಕ್ಕೆ ಬೇಕಾದ ಕೀಲಿಯಿದೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಿಗೆ ಆರು ಬಗೆಯ ಭಕ್ತಿಯನ್ನು ಹೇಳಲಾಗಿದೆ: ಶ್ರದ್ಧೆ, ನಿಷ್ಠೆ, ಅವಧಾನ, ಅನುಭಾವ, ಆನಂದ, ಸಮರಸ. ಆನಂದ ಎಲ್ಲಿದೆ ನೋಡಬೇಕು. ಐದನೆಯ ಸ್ಥಾನದಲ್ಲಿದೆ. ಅದರ ಹಿಂದೆ ಅನುಭಾವ, ಅದಕ್ಕೂ ಹಿಂದೆ ಅವಧಾನ. ಆನಂದವನ್ನೇ ನೇರವಾಗಿ ಬೆನ್ನಟ್ಟುವವನಿಗೆ ಶರಣರ ಮಾರ್ಗದಲ್ಲಿ ಅಡ್ಡದಾರಿಯಿಲ್ಲ. ಅವಧಾನವೆಂದರೆ ಬಂದುದನ್ನೆಲ್ಲ ಎಚ್ಚರದಿಂದ ಸ್ವೀಕರಿಸುವುದು; ಅದು ಪ್ರಸಾದಿಯ ಲಕ್ಷಣ. ಸಿಹಿ ಬಂದರೂ ಪ್ರಸಾದ, ಕಹಿ ಬಂದರೂ ಪ್ರಸಾದ. ಗಳಿಸಿದ್ದೆಂದು ಕೊಂಡವನಿಗೆ ಕಳೆಯುವ ಭಯವಿರುತ್ತದೆ, ಪ್ರಸಾದವೆಂದು ಕೊಂಡವನಿಗೆ ಆ ಭಯವಿಲ್ಲ. ಹಾಗೆ ಕೊಂಡದ್ದು ಮಾತ್ರ ಒಳಗೆ ಪಾಕವಾಗಿ ಅನುಭಾವವಾಗುತ್ತದೆ. ಸೊನ್ನಲಿಗೆಯ ಸಿದ್ಧರಾಮರಲ್ಲಿ ಶ್ರದ್ಧೆಗೆ ಕೊರತೆಯಿರಲಿಲ್ಲ, ನಿಷ್ಠೆಗಂತೂ ಇರಲೇ ಇಲ್ಲ. ಪ್ರಭುದೇವರ ಮಾತನ್ನು ಮೊದಲ ಕ್ಷಣದಲ್ಲಿ ಅಪಮಾನವೆಂದು ಕೊಂಡರು, ಮರುಕ್ಷಣದಲ್ಲಿ ಪ್ರಸಾದವೆಂದು ಕೊಂಡರು. ಆ ಎರಡು ಕ್ಷಣಗಳ ನಡುವಿನದೇ ಅವರ ಎರಡನೆಯ ಕಲಿಕೆ.

ಹುಣ್ಣಿಮೆಯ ಶಿವಾನುಭವ ಗೋಷ್ಠಿಯೊಂದರಲ್ಲಿ ಈ ಪ್ರಸಂಗದ ಚಿಂತನೆ ನಡೆದಾಗ ಸಭೆಯ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು ನಿಂತರು. ನೀರಾವರಿ ಕೆಲಸದಲ್ಲಿ ಮೂರು ದಶಕ ದುಡಿದು ನಿವೃತ್ತರಾದ ಇಂಜಿನಿಯರು. ಕೆಲಸದಲ್ಲಿದ್ದಾಗ ಮನೆಯ ಮುಂದೆ ಸದಾ ಒಂದು ಜೀಪು, ನಾಲ್ಕು ಜನ. ಈಗ ಬೆಳಗಾದರೆ ಮಠದ ಕಟ್ಟೆಗೆ ಬಂದು ಪತ್ರಿಕೆ ಓದುತ್ತ ಕೂರುವುದು, ಓದಿ ಮುಗಿದ ಮೇಲೂ ಮಡಚದೆ ಕೂರುವುದು.

“ಬುದ್ಧಿ, ಒಂದು ಸಂದೇಹ,” ಎಂದರು. “ಕಲ್ಯಾಣದಿಂದ ಬಂದ ಮೇಲೆ ಸಿದ್ಧರಾಮರು ಕೆರೆಯ ಕೆಲಸ ಬಿಟ್ಟುಬಿಟ್ಟರೋ?”

ಕೇಳಿದ ದನಿಯಲ್ಲಿಯೇ ಅದು ಪುರಾಣದ ಸಂದೇಹವಲ್ಲವೆಂದು ಸಭೆಗೆ ತಿಳಿಯಿತು. ಪೂಜ್ಯರು ಕ್ಷಣಹೊತ್ತು ಸುಮ್ಮನಿದ್ದು, “ಅವರ ಗದ್ದುಗೆ ಎಲ್ಲಿದೆ ನೋಡಿ ಬನ್ನಿ. ಸೊನ್ನಲಿಗೆಯಲ್ಲೇ ಇದೆ, ಆ ಕೆರೆಯ ನಡುವೆಯೇ ಇದೆ,” ಎಂದಷ್ಟೇ ಹೇಳಿದರು.

ಆ ಹಿರಿಯರು ಸೊಲ್ಲಾಪುರಕ್ಕೆ ಹೋಗಿಬಂದರೋ ಇಲ್ಲವೋ, ಮಠದ ಹಿಂದಿನ ಹೊಂಡದ ಬಳಿಯಂತೂ ಕಾಣಿಸಿಕೊಳ್ಳತೊಡಗಿದರು. ಎಷ್ಟು ಮಳೆಯಾದರೂ ತುಂಬದ ಹೊಂಡವದು. ಹೂಳು ತೆಗೆಸಿದ್ದಾಗಿತ್ತು, ಫಲವಿರಲಿಲ್ಲ. ಅವರು ಹಾಳೆಯ ಮೇಲೆ ಲೆಕ್ಕ ಹಾಕಿದರು, ನಕ್ಷೆ ಬರೆದರು. ಪ್ರಸಾದ ನಿಲಯದ ಏಳನೆಯ ತರಗತಿಯ ಹುಡುಗನೊಬ್ಬ ದಿನವೂ ಬಂದು ದೂರದಿಂದ ನೋಡುತ್ತಿದ್ದ. ಕುರಿ ಕಾಯುವ ಮನೆಯ ಮಗು. ಗಣಿತದಲ್ಲಿ ಹಿಂದೆ, ಮಾತಿನಲ್ಲಿಯೂ ಹಿಂದೆ. ನಾಲ್ಕನೆಯ ದಿನ ಅವನು, “ಸಾರ್, ನೀರು ಇತ್ತ ಬರೋದೇ ಇಲ್ಲ. ಗೋಶಾಲೆ ಹಿಂದ್ಲಿಂದ ಹೊರಟೋಗುತ್ತೆ,” ಎಂದ. ಹೇಗೆ ಗೊತ್ತು ಎಂದರೆ, “ಮಳೇಲಿ ನೋಡಿದೀನಿ,” ಎಂದ.

ಮರುದಿನದ ಮಳೆಯಲ್ಲಿ ಇಬ್ಬರೂ ಒಂದು ಗೋಣಿಚೀಲದ ಕೊಪ್ಪೆಯಡಿ ನಿಂತು ನೋಡಿದರು. ಹುಡುಗ ಹೇಳಿದ್ದು ನಿಜ. ಗಾಡಿಯ ಜಾಡು ಸವೆದು ಸವೆದು ಕಾಲುವೆಯಾಗಿ, ಇಳಿಜಾರಿನ ನೀರನ್ನೆಲ್ಲ ಅತ್ತ ಎಳೆದೊಯ್ಯುತ್ತಿತ್ತು. ನಕ್ಷೆಯಲ್ಲಿ ಆ ಜಾಡು ಇರಲಿಲ್ಲ. ಹಿರಿಯರು ತೊಯ್ದ ಕನ್ನಡಕವನ್ನು ಒರೆಸಿಕೊಳ್ಳುತ್ತ ಗಟ್ಟಿಯಾಗಿ ನಕ್ಕರು. ನಿವೃತ್ತರಾದ ಮೇಲೆ ಅವರು ಹಾಗೆ ನಕ್ಕದ್ದನ್ನು ಮಠದ ಯಾರೂ ಕಂಡಿರಲಿಲ್ಲ.

ಜಾಡಿಗೆ ಅಡ್ಡಲಾಗಿ ಬದು ಹಾಕುವ ಜಾಗವನ್ನು ಹುಡುಗನೇ ಆರಿಸಿದ. ಅಲ್ಲಿ ಬದು ನಿಲ್ಲುವುದಿಲ್ಲವೆಂದು ಹಿರಿಯರಿಗೆ ಗೊತ್ತಿತ್ತು. ಅವರು ಹೇಳಲಿಲ್ಲ, ಗುದ್ದಲಿ ಹಿಡಿದು ತಾವೂ ಮಣ್ಣೆಳೆದರು. ರಾತ್ರಿಯ ಮಳೆಗೆ ಬದು ಒಡೆದು ಗೋಶಾಲೆಯ ಅಂಗಳದಲ್ಲಿ ಮೊಣಕಾಲುದ್ದ ನೀರು ನಿಂತಿತು. ದನ ನೋಡಿಕೊಳ್ಳುವವರು ಇಬ್ಬರನ್ನೂ ಚೆನ್ನಾಗಿ ಬೈದರು. ಬೈಗುಳ ಕೇಳುತ್ತ ತಲೆತಗ್ಗಿಸಿದ್ದ ಹುಡುಗ, ಒಡೆದ ಜಾಗದಲ್ಲಿ ಕುಕ್ಕರಗಾಲಲ್ಲಿ ಕುಳಿತು ಮಣ್ಣು ಎತ್ತ ಕೊಚ್ಚಿಹೋಗಿದೆಯೆಂದು ಬಹಳ ಹೊತ್ತು ನೋಡಿದ. ಆಮೇಲೆ ಎದ್ದು ಹತ್ತು ಹೆಜ್ಜೆ ಮೇಲಕ್ಕೆ ನಡೆದು, ಕಲ್ಲುಬಂಡೆಯೊಂದರ ಪಕ್ಕ ಕಾಲಿನಿಂದ ಗೆರೆ ಎಳೆದ. ಹಿರಿಯರು ತಮ್ಮ ಮನಸ್ಸಿನಲ್ಲಿಯೇ ಗುರುತಿಟ್ಟಿದ್ದ ಜಾಗ ಅದೇ ಆಗಿತ್ತು. ಅದನ್ನೂ ಅವರು ಹೇಳಲಿಲ್ಲ.

ಈ ಬದು ನಿಂತಿತು. ಈಗ ಮಳೆ ಬಿದ್ದ ಮರುದಿನ ಪತ್ರಿಕೆ ಓದುತ್ತ ಕುಳಿತವರಿಗೆ ಹೊಂಡದ ಕಡೆಯಿಂದ ಕೂಗು ಕೇಳಿಸುತ್ತದೆ. ಗೆರೆ ಹಾಕಿದ ಬಿದಿರಗಳುವನ್ನು ನೀರಿಗಿಳಿಸಿ ಅಳೆಯುವ ಕಾಯಕವನ್ನು ಹುಡುಗ ತಾನೇ ವಹಿಸಿಕೊಂಡಿದ್ದಾನೆ.

“ಅಜ್ಜಾ, ಎರಡು ಗೇಣು ಏರೈತೆ!”